ಕೀಲು ಕೂಡಿಸುವ ವಿದ್ಯೆ: ಹಕೀಮರ ಗ್ರಂಥಗಳಲ್ಲಿ ಸಂಧಿ ಮತ್ತು ಸ್ನಾಯುರಜ್ಜು

ಪ್ರವಾದಿ ಮುಹಮ್ಮದ್(ಸ)ರ ಮದೀನಾ ಜೀವನದ ಒಂದು ಘಟನೆಯನ್ನು ಹದೀಸ್ ಗ್ರಂಥಗಳು ಹಲವು ಸನದುಗಳ ಮೂಲಕ ನಮಗೆ ತಲುಪಿಸಿವೆ. ಅವರು ಕುದುರೆಯ ಮೇಲಿಂದ ಬಿದ್ದರು. ಅನಸ್(ರ)ರ ವರದಿಯಲ್ಲಿ ದೇಹದ ಬಲಪಾರ್ಶ್ವ ತರಚಿತೆಂದಿದೆ. ಅಬೂದಾವೂದ್‌ರ ಸಂಗ್ರಹದಲ್ಲಿರುವ ಜಾಬಿರ್(ರ)ರ ವರದಿಯಲ್ಲಿ, ಖರ್ಜೂರದ ಮರದ ಬೊಡ್ಡೆಯ ಮೇಲೆ ಬಿದ್ದುದರಿಂದ ಪಾದದ ಕೀಲು ಕಳಚಿದಂತಾಯಿತೆಂದಿದೆ. ಆಯಿಶಾ(ರ)ರ ಕೊಠಡಿಯಲ್ಲಿ ವಿಶ್ರಾಂತಿ ಪಡೆಯುತ್ತಿದ್ದ ಅವರನ್ನು ನೋಡಲು ಸಹಾಬಿಗಳು ಹೋದಾಗ ಅವರು ಕುಳಿತೇ ನಮಾಝ್ ನಿರ್ವಹಿಸುತ್ತಿದ್ದರು. ಕುಳಿತು ನಮಾಝ್ ಮಾಡುವ ಇಮಾಮರ ಹಿಂದೆ ನಿಂತಿರಬೇಕೇ, ಕುಳಿತುಕೊಳ್ಳಬೇಕೇ ಎಂಬ ಚರ್ಚೆಗಾಗಿ ನಾವು ಮದರಸಗಳಲ್ಲಿ ಈ ಹದೀಸನ್ನು ಓದುತ್ತೇವೆ, ಓದಿಸುತ್ತೇವೆ. ಗಾಯಗೊಂಡ ಆ ಪಾದದ ಕಡೆಗೆ ಮಾತ್ರ ನಮ್ಮ ಗಮನ ಹೋಗುವುದು ಕಡಿಮೆ. ಇಹ್ರಾಮಿನ ಸ್ಥಿತಿಯಲ್ಲಿದ್ದಾಗ ಉಳುಕಿನಂತಹ ನೋವಿಗಾಗಿ ಅವರು ಹಿಜಾಮ ಮಾಡಿಸಿಕೊಂಡರೆಂಬ ವರದಿಯೂ ಇದೆ. ಅಲ್ಲಿಯೂ ನಮ್ಮ ಚರ್ಚೆ ಇಹ್ರಾಮಿನ ಮಸ್‌ಅಲಗಳ ಸುತ್ತಲೇ ತಿರುಗುತ್ತದೆ.

ಕೀಲು ತಪ್ಪುವುದು, ಉಳುಕುವುದು, ಮಂಡಿ ಸವೆಯುವುದು, ಸೊಂಟದಿಂದ ಹಿಮ್ಮಡಿಯವರೆಗೆ ನೋವು ಹರಿಯುವುದು ಇವೆಲ್ಲ ಮನುಷ್ಯನಷ್ಟೇ ಹಳೆಯವು. ಇಸ್ಲಾಮೀ ನಾಗರಿಕತೆಯ ಹಕೀಮರು ಇವುಗಳ ಕುರಿತು ಏನನ್ನು ಅರಿತಿದ್ದರು, ಎಲ್ಲಿ ಮುಂದೆ ಸಾಗಿದರು, ಎಲ್ಲಿ ನಿಂತರು ಎಂಬುದನ್ನು ಈ ಬರಹದಲ್ಲಿ ನೋಡೋಣ. ನಮ್ಮ ಸಭೆಗಳಲ್ಲಿ ಇಬ್ನು ಸೀನಾ, ಅಝ್ಝಹ್ರಾವಿ ಮುಂತಾದ ಹೆಸರುಗಳನ್ನು ಹೆಮ್ಮೆಯಿಂದ ಉಚ್ಚರಿಸುವ ವಾಡಿಕೆಯಿದೆ. ಆದರೆ ಅವರು ನಿಜವಾಗಿ ಏನು ಬರೆದರೆಂದು ಕೇಳಿದರೆ ಮೌನ ಆವರಿಸುತ್ತದೆ. ಆ ಮೌನದ ಲಾಭವನ್ನು ಯಾರು ಪಡೆಯುತ್ತಾರೆಂಬುದು ಮುಂದೆ ತಾನಾಗಿಯೇ ತಿಳಿಯುತ್ತದೆ.

ಮೊದಲು ಒಂದು ಪದದ ಕಥೆ. ಫಿಕ್‌ಹ್ ಗ್ರಂಥಗಳ ಶುದ್ಧೀಕರಣದ ಅಧ್ಯಾಯದಲ್ಲಿ ‘ಜಬೀರ’ದ ಮೇಲೆ ಮಸಹ್ ಮಾಡುವ ವಿಷಯ ಬರುತ್ತದೆ. ಜಬೀರ ಎಂದರೆ ಮುರಿದ ಅಂಗಕ್ಕೆ ಬಿಗಿಯುವ ಮರದ ಪಟ್ಟಿ. ಮೂಳೆ ಕೂಡಿಸುವವನು ಮುಜಬ್ಬಿರ್, ಆ ವಿದ್ಯೆ ಜಬ್ರ್. ಮುರಿದುದನ್ನು ಮರಳಿ ಸರಿಪಡಿಸುವುದು ಈ ಧಾತುವಿನ ಒಂದು ಮೂಲಾರ್ಥ. ಒಂಬತ್ತನೆಯ ಶತಮಾನದ ಆರಂಭದಲ್ಲಿ ಬಗ್ದಾದಿನಲ್ಲಿದ್ದ ಅಲ್-ಖ್ವಾರಿಝ್ಮಿ ತಮ್ಮ ಗಣಿತ ಗ್ರಂಥದ ಹೆಸರಿನಲ್ಲಿ ಇದೇ ‘ಅಲ್-ಜಬ್ರ್’ ಪದವನ್ನು ಬಳಸಿದರು. ಅದು ಯುರೋಪಿನ ಬಾಯಲ್ಲಿ ‘ಆಲ್ಜಿಬ್ರಾ’ ಆಯಿತು. ಸ್ಪೇನಿನಲ್ಲಿ ಈ ಪದದ ಎರಡೂ ಅರ್ಥಗಳು ಉಳಿದುಕೊಂಡವು. ಅಲ್ಲಿ ‘ಆಲ್ಜೆಬ್ರಿಸ್ತಾ’ ಎಂದರೆ ಮೂಳೆ ಕೂಡಿಸುವವನೂ ಹೌದು. 1615ರಲ್ಲಿ ಪ್ರಕಟವಾದ ಸೆರ್ವಾಂಟಿಸರ ಡಾನ್ ಕ್ವಿಕ್ಸೋಟ್ ಕಾದಂಬರಿಯ ಎರಡನೆಯ ಭಾಗದಲ್ಲಿ, ಕುದುರೆಯಿಂದ ಬಿದ್ದು ಪೆಟ್ಟುಮಾಡಿಕೊಂಡ ಪಾತ್ರವೊಂದು ಚಿಕಿತ್ಸೆ ಪಡೆಯುವುದು ಇಂತಹ ಒಬ್ಬ ಆಲ್ಜೆಬ್ರಿಸ್ತಾನಿಂದಲೇ. ಅಂದುಲುಸ್ ಕೈತಪ್ಪಿ ನೂರಕ್ಕೂ ಹೆಚ್ಚು ವರ್ಷಗಳಾಗಿದ್ದರೂ ಮೂಳೆ ಕಟ್ಟುವವನ ಅರಬಿ ಹೆಸರು ಅಲ್ಲಿನ ಹಳ್ಳಿಗಳಲ್ಲಿ ಉಳಿದಿತ್ತು.

ಇನ್ನೊಂದು ಪದ ನಮ್ಮ ಕನ್ನಡದ್ದೇ. ಕುತ್ತಿಗೆ ತಿರುಗದಿದ್ದರೆ ‘ನರ ಹಿಡಿದುಕೊಂಡಿದೆ’ ಎನ್ನುತ್ತೇವೆ. ಕಾಲು ಹೊರಳಿದರೆ ‘ನರ ಉಳುಕಿದೆ’, ಮೀನಖಂಡ ಸೆಟೆದರೆ ‘ನರ ಎಳೆಯುತ್ತಿದೆ’. ಉರ್ದು, ದಖನಿ ಆಡುವ ಮನೆಗಳಲ್ಲಿ ಇವೆಲ್ಲಕ್ಕೂ ‘ನಸ್’ ಎಂಬ ಒಂದೇ ಮಾತು. ನಿಜದಲ್ಲಿ ಇಲ್ಲಿ ಮೂರು ನಾಲ್ಕು ಬೇರೆ ಬೇರೆ ವಸ್ತುಗಳಿವೆ. ಸಂವೇದನೆಯನ್ನೂ ಚಲನೆಯ ಆಜ್ಞೆಯನ್ನೂ ಒಯ್ಯುವ ನರ, ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜು, ಮೂಳೆಯನ್ನು ಮೂಳೆಗೆ ಕಟ್ಟುವ ಅಸ್ಥಿರಜ್ಜು, ಜೊತೆಗೆ ರಕ್ತನಾಳ. ಬರಿಗಣ್ಣಿಗೆ ನರವೂ ಸ್ನಾಯುರಜ್ಜುವೂ ಬಿಳಿಯ ಹಗ್ಗದಂತೆಯೇ ಕಾಣುತ್ತವೆ. ಗ್ರೀಕರ ‘ನ್ಯೂರಾನ್’ ಪದದಲ್ಲಿಯೂ ಇದೇ ಗೊಂದಲವಿತ್ತು, ಅರಬಿಯ ‘ಅಸಬ್’ ಪದಕ್ಕೂ ಅದು ಹರಿದು ಬಂತು.

ಈ ಗೊಂದಲ ಬರಿಯ ಭಾಷೆಯದಾಗಿರಲಿಲ್ಲ. ಕ್ರಿ.ಶ. 157ರ ಸುಮಾರಿಗೆ ಪೆರ್ಗಮಾನ್ ನಗರದಲ್ಲಿ ಕತ್ತಿಮಲ್ಲರ ವೈದ್ಯನಾಗಿ ನೇಮಕಗೊಂಡ ಗ್ಯಾಲನ್, ಕಡಿದುಹೋದ ರಜ್ಜುಗಳನ್ನು ಎಷ್ಟೋ ಕಂಡವನು. ಸ್ನಾಯುರಜ್ಜುವಿನಲ್ಲಿ ನರದ ಅಂಶ ಬೆರೆತಿದೆಯೆಂದೂ ಅದನ್ನು ಚುಚ್ಚಿದರೆ ಸೆಳೆತದ ಅಪಾಯವಿದೆಯೆಂದೂ ಅವನು ನಂಬಿದ್ದನು. ಆದ್ದರಿಂದ ಕಡಿದ ರಜ್ಜುವಿಗೆ ಸೂಜಿ ತಾಗಿಸಬಾರದೆಂಬ ಭಯ ವೈದ್ಯರಲ್ಲಿ ಶತಮಾನಗಳ ಕಾಲ ಬೇರೂರಿತು. ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನ ಹುನೈನ್ ಇಬ್ನು ಇಸ್‌ಹಾಕ್ ಮತ್ತು ಅವರ ಸಂಗಡಿಗರು ಗ್ಯಾಲನ್‌ನ ಕೃತಿಗಳನ್ನು ಸಿರಿಯಾಕ್ ಮತ್ತು ಅರಬಿಗೆ ತಂದಾಗ ಆ ಜ್ಞಾನದೊಡನೆ ಈ ಭಯವೂ ಬಂತು. ಹುನೈನ್ ಕ್ರೈಸ್ತರಾಗಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ನಾವು ‘ನಮ್ಮ ವೈದ್ಯ ಪರಂಪರೆ’ ಎನ್ನುವುದು ಹಲವು ಧರ್ಮಗಳ ಜನ ಒಂದೇ ಭಾಷೆಯಲ್ಲಿ ಕೂಡಿ ಕಟ್ಟಿದ ಮನೆ.

ಇಬ್ನು ಸೀನಾ (980–1037) ತಮ್ಮ ‘ಅಲ್-ಕಾನೂನ್ ಫಿತ್ತಿಬ್ಬ್’ ಗ್ರಂಥದ ಮೊದಲ ಸಂಪುಟದಲ್ಲಿ ಅಸಬ್, ವತರ್, ರಿಬಾತ್ ಎಂಬ ಮೂರನ್ನು ಬೇರೆ ಬೇರೆಯಾಗಿ ವಿವರಿಸುತ್ತಾರೆ. ವತರ್ ಎಂದರೆ ಸ್ನಾಯುರಜ್ಜು, ರಿಬಾತ್ ಎಂದರೆ ಅಸ್ಥಿರಜ್ಜು. ರಿಬಾತಿಗೆ ಸಂವೇದನೆಯಿಲ್ಲ, ಇದ್ದಿದ್ದರೆ ಸದಾ ನಡೆಯುವ ಚಲನೆ ಮತ್ತು ಉಜ್ಜಾಟದಿಂದ ಅದು ನೋಯುತ್ತಲೇ ಇರುತ್ತಿತ್ತು ಎಂಬುದು ಅವರ ವಾದ. ಅಸ್ಥಿರಜ್ಜುವಿನಲ್ಲಿಯೂ ಸೂಕ್ಷ್ಮ ನರತುದಿಗಳಿವೆಯೆಂದು ಇಂದು ತಿಳಿದಿದೆ. ಉಳುಕಿದ ಹರಡು ನೋಯುವುದು ಅದರಿಂದಲೇ. ವತರಿನಲ್ಲಿ ನರದ ಎಳೆಗಳು ಬೆರೆತಿವೆಯೆಂಬ ಗ್ಯಾಲನ್‌ನ ಮಾತನ್ನೂ ಅವರು ಪೂರ್ತಿ ಕೈಬಿಡಲಿಲ್ಲ. ಆದರೂ ಕಡಿದ ರಜ್ಜುವನ್ನು ಹೊಲಿಯಬಹುದೆಂದು ಸ್ಪಷ್ಟವಾಗಿ ಹೇಳಿದ ಮೊದಲಿಗರಲ್ಲಿ ಅವರೊಬ್ಬರೆಂದು ಕೈ ಶಸ್ತ್ರಚಿಕಿತ್ಸೆಯ ಇತಿಹಾಸ ಬರೆದವರು ಗುರುತಿಸುತ್ತಾರೆ. ಯುರೋಪಿನಲ್ಲಿ ಆ ಭಯ ಕರಗಲು 1752ರವರೆಗೆ ಕಾಯಬೇಕಾಯಿತು. ಆ ವರ್ಷ ಆಲ್ಬ್ರೆಖ್ಟ್ ಫಾನ್ ಹಾಲರ್ ಪ್ರಾಣಿಗಳ ಮೇಲಿನ ತಮ್ಮ ಪ್ರಯೋಗಗಳಿಂದ, ಸ್ನಾಯುರಜ್ಜುವನ್ನು ಚುಚ್ಚಿದರೂ ಸೆಳೆತ ಬರುವುದಿಲ್ಲವೆಂದು ತೋರಿಸಿದರು. ಬೆರಳಿನ ಒಳಗೆ ಸಾಗುವ ರಜ್ಜುಗಳ ವಿಷಯದಲ್ಲಂತೂ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಶಸ್ತ್ರವೈದ್ಯರು ತಕ್ಷಣ ಹೊಲಿಯಲು ಹಿಂಜರಿಯುತ್ತಿದ್ದರು. 1967ರಲ್ಲಿ ಅಮೆರಿಕದ ಹೆರಾಲ್ಡ್ ಕ್ಲೈನರ್ಟ್ ತಮ್ಮ ಫಲಿತಾಂಶಗಳನ್ನು ಮುಂದಿಟ್ಟ ಮೇಲೆ ಆ ನಿಲುವು ಬದಲಾಗತೊಡಗಿತು.

ಬಕ್ರೀದಿನ ದಿನ ಚೂರಿ ಜಾರಿ ಬೆರಳು ಕೊಯ್ದುಕೊಳ್ಳುವವರು ಪ್ರತಿ ಊರಿನಲ್ಲಿಯೂ ಇರುತ್ತಾರೆ. ರಕ್ತ ನಿಂತಿತು, ಚರ್ಮಕ್ಕೆ ಹೊಲಿಗೆ ಬಿತ್ತು ಎಂದು ಮನೆಯವರು ನೆಮ್ಮದಿಗೊಳ್ಳುತ್ತಾರೆ. ಬೆರಳಿನ ತುದಿಯ ಗೆಣ್ಣು ತಾನಾಗಿ ಮಡಚದಿದ್ದರೆ ಒಳಗಿನ ರಜ್ಜು ಕಡಿದಿದೆಯೆಂದೇ ಸಂಶಯಿಸಬೇಕು. ಕಡಿದ ತುದಿ ಅಂಗೈಯ ಕಡೆಗೆ ಸರಿದುಹೋಗುತ್ತದೆ, ವಾರಗಳು ಕಳೆದಂತೆ ಅದನ್ನು ಎಳೆದು ಕೂಡಿಸುವುದು ಕಷ್ಟವಾಗುತ್ತದೆ. ಹಬ್ಬ ಮುಗಿಯಲಿ ಎಂದು ಕಾಯುವ ವಿಷಯ ಇದಲ್ಲ.

ಕೀಲುಗಳ ಚಿಕಿತ್ಸೆಯಲ್ಲಿ ನಮಗೆ ಅತ್ಯಂತ ಆಪ್ತರಾಗಿ ಕಾಣುವವರು ಕುರ್ತುಬಾದ ಬಳಿಯ ಮದೀನತುಝ್ಝಹ್ರಾದ ಅಬುಲ್ ಕಾಸಿಮ್ ಅಝ್ಝಹ್ರಾವಿ. ಸುಮಾರು 936ರಿಂದ 1013ರವರೆಗೆ ಬಾಳಿದ ಅವರ ‘ಅತ್ತಸ್ರೀಫ್’ ಮೂವತ್ತು ಭಾಗಗಳ ಗ್ರಂಥ. ಕೊನೆಯ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲು. ಅದರಲ್ಲಿಯೂ ಮೂರು ವಿಭಾಗಗಳಿವೆ: ಕಾಯಿಸಿದ ಕಬ್ಬಿಣದಿಂದ ಸುಡುವುದು, ಕೊಯ್ಯುವುದು, ಮೂಳೆ ಮತ್ತು ಕೀಲುಗಳನ್ನು ಕೂಡಿಸುವುದು. ಸುಮಾರು 200 ಉಪಕರಣಗಳ ಚಿತ್ರಗಳು ಅದರಲ್ಲಿವೆ. ಏಳನೆಯ ಶತಮಾನದ ಗ್ರೀಕ್ ವೈದ್ಯ ಪಾಲ್‌ನಿಂದ ಅವರು ಬಹಳಷ್ಟನ್ನು ಪಡೆದರು. ಪಡೆದುದನ್ನು ತಮ್ಮ ಕೈಯಿಂದ ಮಾಡಿ ನೋಡಿ ತಿದ್ದಿದರು. ಹನ್ನೆರಡನೆಯ ಶತಮಾನದಲ್ಲಿ ತುಲೈತುಲದಲ್ಲಿ, ಅಂದರೆ ಇಂದಿನ ಟೊಲೆಡೊದಲ್ಲಿ, ಕ್ರೆಮೋನಾದ ಜೆರಾರ್ಡ್ ಇದನ್ನು ಲ್ಯಾಟಿನಿಗೆ ಅನುವಾದಿಸಿದ ಮೇಲೆ ಯುರೋಪಿನ ಶಸ್ತ್ರವೈದ್ಯರು ಶತಮಾನಗಳ ಕಾಲ ಇದನ್ನು ಓದಿದರು.

ಆ ಗ್ರಂಥವನ್ನು ಓದುವಾಗ ಮನಸ್ಸಿಗೆ ತಾಗುವುದು ಅವರ ಅಸಮಾಧಾನ. ತಮ್ಮ ನಾಡಿನಲ್ಲಿ, ತಮ್ಮ ಕಾಲದಲ್ಲಿ ಶಸ್ತ್ರವಿದ್ಯೆ ಬಲ್ಲವರೇ ಇಲ್ಲವಾಗಿದ್ದಾರೆಂದು ಪೀಠಿಕೆಯಲ್ಲಿಯೇ ಅವರು ನೊಂದು ಬರೆಯುತ್ತಾರೆ. ಅಂಗರಚನೆಯನ್ನು ಮೊದಲು ಕಲಿಯದವನು ಜನರನ್ನು ಕೊಲ್ಲುವ ತಪ್ಪಿಗೆ ಬೀಳುತ್ತಾನೆಂದು ಎಚ್ಚರಿಸುತ್ತಾರೆ. ಮಹಿಳೆಯೊಬ್ಬಳ ಕುತ್ತಿಗೆಯ ಗಡ್ಡೆಯನ್ನು ಕೊಯ್ಯಲು ಹೋಗಿ ರಕ್ತನಾಳವನ್ನೇ ಕಡಿದ ಒಬ್ಬ ಅರಿವಿಲ್ಲದ ವೈದ್ಯನ ಪ್ರಸಂಗವನ್ನು ಅವರು ದಾಖಲಿಸಿದ್ದಾರೆ. ಆಕೆ ಅಲ್ಲಿಯೇ ಪ್ರಾಣ ಬಿಟ್ಟಳು. ಸುವರ್ಣಯುಗವೆಂದು ನಾವು ಬಣ್ಣಿಸುವ ಕಾಲದ ಬಗ್ಗೆ ಆ ಕಾಲದವರೇ ಬರೆದ ಮಾತು ಇದು.

ಕೀಲು ತಪ್ಪಿದಾಗ ತಡಮಾಡದೆ ಕೂರಿಸಬೇಕು, ತಡವಾದರೆ ಬಾವು ಬಂದು ಕೆಲಸ ಕಠಿಣವಾಗುತ್ತದೆ ಎಂಬುದು ಅಝ್ಝಹ್ರಾವಿಯವರ ನಿಯಮ. ಇಂದಿನ ತುರ್ತು ಚಿಕಿತ್ಸಾ ವಿಭಾಗದಲ್ಲಿಯೂ ಇದೇ ನಿಯಮ. ಭುಜದ ಕೀಲು ಹೆಚ್ಚಾಗಿ ಕಂಕುಳಿನ ಕಡೆಗೆ ಜಾರುತ್ತದೆಂದು ಹೇಳಿ, ಅದನ್ನು ಕೂರಿಸುವ ಹಲವು ವಿಧಾನಗಳನ್ನು ಅವರು ವರ್ಣಿಸುತ್ತಾರೆ. ಒಂದರಲ್ಲಿ ಸಹಾಯಕನು ರೋಗಿಯ ಕೈಯನ್ನು ಮೇಲಕ್ಕೆತ್ತಿ ಹಿಡಿದಿರುವಾಗ ವೈದ್ಯನು ಕಂಕುಳಿನೊಳಗಿಂದ ಹೆಬ್ಬೆರಳುಗಳಿಂದ ಮೂಳೆಯ ತಲೆಯನ್ನು ಒತ್ತುತ್ತಾನೆ. ಕೂರಿಸಿದ ಮೇಲೆ ಲೇಪ. ಬೀಸುವ ಕಲ್ಲಿನ ಸುತ್ತ ಗೋಡೆಗೆ ಅಂಟಿಕೊಳ್ಳುವ ಅತಿ ನಯವಾದ ಹಿಟ್ಟಿನ ಧೂಳನ್ನು ಮೊಟ್ಟೆಯ ಬಿಳಿಯಲ್ಲಿ ಕಲಸಿ ಬಟ್ಟೆಯ ಮೇಲೆ ಬಳಿದು ಕಟ್ಟುವುದು. ಒಣಗಿದ ಮೇಲೆ ಅದು ಗಟ್ಟಿಯಾಗಿ ಅಂಗವನ್ನು ಅಲುಗದಂತೆ ಹಿಡಿಯುತ್ತದೆ. ಅರಬ್ ನಾಡುಗಳಲ್ಲಿ ಮುರಿದ ಕಾಲಿನ ಸುತ್ತ ಜಿಪ್ಸಮ್ ಎರಕ ಹೊಯ್ಯುವ ಪದ್ಧತಿಯನ್ನು ಕಂಡ ವಿಲಿಯಂ ಈಟನ್ ಎಂಬ ಬ್ರಿಟಿಷ್ ಅಧಿಕಾರಿ 1798ರಲ್ಲಿ ಅದರ ಬಗ್ಗೆ ಬರೆದರು. ನಾವಿಂದು ‘ಪ್ಲಾಸ್ಟರ್’ ಎನ್ನುವ ಬಟ್ಟೆಯ ಕಟ್ಟನ್ನು ಡಚ್ ಸೇನಾ ವೈದ್ಯ ಮಾಥೈಸನ್ 1852ರಲ್ಲಿ ಪ್ರಕಟಪಡಿಸಿದರು.

ಮತ್ತೆ ಮತ್ತೆ ಜಾರುವ ಭುಜಕ್ಕೆ ಅವರು ಸೂಚಿಸಿದ ಚಿಕಿತ್ಸೆ ನಮ್ಮನ್ನು ನಡುಗಿಸುತ್ತದೆ: ಕಂಕುಳಿನ ಚರ್ಮವನ್ನು ಎತ್ತಿ ಹಿಡಿದು ಕಾಯಿಸಿದ ಕಬ್ಬಿಣದಿಂದ ಸುಡುವುದು. ಇದು ಹಿಪ್ಪೊಕ್ರೇಟಸನ ಕಾಲದಿಂದ ಬಂದ ಪದ್ಧತಿ. ಕೀಲಿನಲ್ಲಿ ತೇವ ಹೆಚ್ಚಾಗಿ ಜಾರುತ್ತಿದೆ, ಸುಟ್ಟರೆ ತೇವ ಆರುತ್ತದೆ ಎಂಬುದು ಅವರ ತರ್ಕ. ಭುಜದ ಗುಳಿಯ ಅಂಚಿನಿಂದ ಅಸ್ಥಿರಜ್ಜು ಹರಿದಿರುವುದೇ ಬಹುಪಾಲು ಸಂದರ್ಭಗಳಲ್ಲಿ ಇದರ ಕಾರಣವೆಂದು 1923ರಲ್ಲಿ ಲಂಡನ್ನಿನ ಬ್ಯಾಂಕಾರ್ಟ್ ವಿವರಿಸಿದರು. ಇಂದು ಸಣ್ಣ ರಂಧ್ರಗಳ ಮೂಲಕ ಅದನ್ನು ಹೊಲಿಯುತ್ತಾರೆ. ಹಳೆಯ ಗ್ರಂಥದಲ್ಲಿದೆ ಎಂಬ ಒಂದೇ ಕಾರಣಕ್ಕೆ ಯಾರೂ ಇಂದು ಕಂಕುಳನ್ನು ಸುಡಿಸಿಕೊಳ್ಳಲಾರರು.

ಮುರಿದ ಅಂಗಕ್ಕೆ ಪಟ್ಟಿ ಕಟ್ಟುವ ವಿಷಯದಲ್ಲಿ ಇಬ್ನು ಸೀನಾರ ಸಲಹೆ ಬೇರೆ ಬಗೆಯದು. ತಕ್ಷಣ ಬಿಗಿಯಬೇಡಿ, ಐದನೆಯ ದಿನದ ಆಚೆಗೆ ಮುಂದೂಡಿ ಎನ್ನುತ್ತಾರೆ. ಬಾವು ಏರುತ್ತಿರುವಾಗ ಬಿಗಿದ ಕಟ್ಟು ರಕ್ತಸಂಚಾರವನ್ನೇ ತಡೆಯುತ್ತದೆಂಬುದು ಇಂದು ಎಲ್ಲ ವೈದ್ಯರಿಗೂ ಗೊತ್ತು. ಬಿಗಿಕಟ್ಟಿನಿಂದ ಮಕ್ಕಳ ಕೈ ಸುರುಟಿ ನಿಷ್ಪ್ರಯೋಜಕವಾಗುವುದನ್ನು ಜರ್ಮನಿಯ ಫೋಕ್‌ಮನ್ 1881ರಲ್ಲಿ ವಿವರಿಸಿದ್ದರಿಂದ ಆ ವೈಕಲ್ಯಕ್ಕೆ ಅವರ ಹೆಸರೇ ಬಂದಿದೆ. ನಮ್ಮ ಕಡೆಯೂ ಮೂಳೆ ಕಟ್ಟುವ ನಾಟಿ ವೈದ್ಯರಿದ್ದಾರೆ. ಬೆಂಗಳೂರಿನಲ್ಲಿ ‘ಪುತ್ತೂರು ಕಟ್ಟು’ ಎಂಬ ಫಲಕಗಳನ್ನು ನೋಡಿದವರು ಅದು ನಮ್ಮ ದಕ್ಷಿಣ ಕನ್ನಡದ ಪುತ್ತೂರೆಂದು ಭಾವಿಸುವುದುಂಟು. ಅದು ಆಂಧ್ರಪ್ರದೇಶದ ಪುತ್ತೂರು. ಅವರಲ್ಲಿ ಕೈಗುಣ ಬಲ್ಲವರಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಕಟ್ಟು ಕಟ್ಟಿದ ಮೇಲೆ ಬೆರಳುಗಳು ತಣ್ಣಗಾಗಿ, ನೀಲಿಗಟ್ಟಿ, ಮಗು ನೋವಿನಿಂದ ರಾತ್ರಿಯಿಡೀ ಅಳುತ್ತಿದ್ದರೆ ಬೆಳಗಾಗುವವರೆಗೆ ಕಾಯದೆ ಕಟ್ಟನ್ನು ಬಿಚ್ಚಿಸಬೇಕು. ಕೊಳೆತ ಕೈಯನ್ನು ಕತ್ತರಿಸಬೇಕಾದ ಪ್ರಸಂಗಗಳು ಹೀಗೆ ಕಾದುದರಿಂದ ಆದವು.

ಇನ್ನು ಸಂಧಿನೋವುಗಳ ಮಾತು. ಅರಬಿ ಗ್ರಂಥಗಳಲ್ಲಿ ‘ವಜಉಲ್ ಮಫಾಸಿಲ್’ ಎಂದರೆ ಕೀಲುನೋವು. ಅದರ ನೆರಳಿನಲ್ಲಿಯೇ ‘ನಿಕ್ರಿಸ್’, ಅಂದರೆ ಹೆಬ್ಬೆರಳ ಬುಡದಲ್ಲಿ ಥಟ್ಟನೆ ಕೆಂಪಾಗಿ ಉರಿಯುವ ಗೌಟ್. ‘ಇರ್ಕುನ್ನಸಾ’, ಅಂದರೆ ಸೊಂಟದಿಂದ ಕಾಲಿಗೆ ಇಳಿಯುವ ನೋವು. ರಯ್ಯ್ ನಗರದ ಅರ್ರಾಝಿ (ನಿಧನ 925) ಕೀಲುನೋವು ಮತ್ತು ನಿಕ್ರಿಸ್ ಬಗ್ಗೆ ಪ್ರತ್ಯೇಕ ಕೃತಿಯನ್ನೇ ಬರೆದರು.

ಅರ್ರಾಝಿಯವರ ಹೆಸರಿನಲ್ಲಿ ಒಂದು ಸ್ವಾರಸ್ಯದ ಕಥೆಯನ್ನು ಉಪನ್ಯಾಸಕರು ಹೇಳುತ್ತಿರುತ್ತಾರೆ. ಬುಖಾರಾದ ಅಮೀರ್ ಮನ್ಸೂರರ ಕೀಲುಗಳು ಹಿಡಿದುಹೋಗಿ ಏಳಲಾಗದಿದ್ದಾಗ, ಅರ್ರಾಝಿ ಅವರನ್ನು ಬಿಸಿನೀರಿನ ಹಮಾಮಿಗೆ ಕರೆದೊಯ್ದು, ಮದ್ದು ಕುಡಿಸಿ, ಅನಂತರ ಚೂರಿ ಹಿಡಿದು ಬೈಯತೊಡಗಿದರಂತೆ. ಕೋಪದಿಂದ ಅಮೀರರು ಎದ್ದು ನಿಂತರಂತೆ. ವೈದ್ಯರು ಹೊರಗೆ ಸಿದ್ಧವಾಗಿಟ್ಟಿದ್ದ ಕುದುರೆಯೇರಿ ಪಲಾಯನ ಮಾಡಿ, ಅದು ಚಿಕಿತ್ಸೆಯೇ ಆಗಿತ್ತೆಂದು ಆಮೇಲೆ ಪತ್ರ ಬರೆದರಂತೆ. ಕಥೆ ಬರುವುದು ಹನ್ನೆರಡನೆಯ ಶತಮಾನದ ನಿಝಾಮಿ ಅರೂಝಿಯವರ ‘ಚಹಾರ್ ಮಕಾಲ’ದಲ್ಲಿ. ಆದರೆ ಅಮೀರ್ ಮನ್ಸೂರ್ ಬಿನ್ ನೂಹ್ ಆಳಿದ್ದು 961ರಿಂದ 976ರವರೆಗೆ. ಅಷ್ಟರಲ್ಲಿ ಅರ್ರಾಝಿ ತೀರಿಕೊಂಡು ಮೂವತ್ತೈದಕ್ಕೂ ಹೆಚ್ಚು ವರ್ಷಗಳಾಗಿದ್ದವು! ಅವರು ತಮ್ಮ ‘ಅಲ್-ಮನ್ಸೂರಿ’ ಗ್ರಂಥವನ್ನು ಅರ್ಪಿಸಿದ್ದು ರಯ್ಯ್‌ನ ಅಧಿಪತಿಯಾಗಿದ್ದ ಬೇರೊಬ್ಬ ಮನ್ಸೂರರಿಗೆ. ಹೆಸರಿನ ಹೋಲಿಕೆಯಿಂದ ಕಥೆ ಹುಟ್ಟಿರಬೇಕು. ಹದೀಸ್ ವರದಿಗಾರರ ಜನನ, ಮರಣದ ವರ್ಷಗಳನ್ನು ತೂಗಿ ನೋಡುವ ಶಾಸ್ತ್ರವನ್ನೇ ಕಟ್ಟಿದ ಸಮುದಾಯ ವೈದ್ಯರ ಕಥೆಗಳಿಗೂ ಅದೇ ತಕ್ಕಡಿಯನ್ನು ಹಿಡಿಯಬೇಕಲ್ಲವೇ?

ಇರ್ಕುನ್ನಸಾದ ಬಗ್ಗೆ ತಫ್ಸೀರ್ ಗ್ರಂಥಗಳಲ್ಲಿಯೂ ಪ್ರಸ್ತಾಪವಿದೆ. ಯಾಕೂಬ್(ಅ)ರು ಈ ನೋವಿನಿಂದ ಬಳಲಿ, ಗುಣವಾದರೆ ಒಂಟೆಯ ಮಾಂಸವನ್ನು ತ್ಯಜಿಸುವುದಾಗಿ ಹರಕೆ ಹೊತ್ತರೆಂದು ಆಲು ಇಮ್ರಾನ್ ಅಧ್ಯಾಯದ ವ್ಯಾಖ್ಯಾನದಲ್ಲಿ ಬರುತ್ತದೆ. ಇಬ್ನು ಮಾಜಾರ ಸಂಗ್ರಹದಲ್ಲಿರುವ ಒಂದು ಹದೀಸ್ ಈ ನೋವಿಗೆ ಕುರಿಯ ಬಾಲದ ಕೊಬ್ಬನ್ನು ಕರಗಿಸಿ ಮೂರು ದಿನ ಬರಿಹೊಟ್ಟೆಯಲ್ಲಿ ಸೇವಿಸುವುದನ್ನು ಹೇಳುತ್ತದೆ. ಇದನ್ನು ಇಂದು ಮೊಬೈಲ್ ಸಂದೇಶಗಳಲ್ಲಿ ಎಲ್ಲರಿಗೂ ಹಂಚುವವರಿದ್ದಾರೆ. ದಮಾಸ್ಕಸ್‌ನ ಇಬ್ನುಲ್ ಕಯ್ಯಿಮ್ (1292–1350) ‘ಝಾದುಲ್ ಮಆದ್’ನಲ್ಲಿ ಇದೇ ಹದೀಸನ್ನು ವಿವರಿಸುವಾಗ, ಈ ಮಾತು ಅರಬ್ ನಾಡಿನ, ಹಿಜಾಝಿನ ಮತ್ತು ಅದರ ಆಸುಪಾಸಿನ ಜನರನ್ನು, ವಿಶೇಷವಾಗಿ ಮರುಭೂಮಿಯವರನ್ನು ಉದ್ದೇಶಿಸಿದ್ದೆನ್ನುತ್ತಾರೆ. ಅವರ ದೇಹಪ್ರಕೃತಿ, ಶುಷ್ಕ ಹವೆ, ಅಲ್ಲಿನ ಕುರಿ ಮೇಯುವ ಗಿಡಗಳು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಏಳುನೂರು ವರ್ಷಗಳ ಹಿಂದಿನ ಧರ್ಮವಿದ್ವಾಂಸರಿಗೆ ಇದ್ದ ಈ ವಿವೇಚನೆಯಿಲ್ಲದೆ, ಕೊಲೆಸ್ಟರಾಲ್ ಏರಿರುವ ಅರುವತ್ತು ವರ್ಷದ ಹಿರಿಯರಿಗೆ ನಾವು ಕೊಬ್ಬು ಕುಡಿಸಲು ಹೊರಡುತ್ತೇವೆ. ಬೆನ್ನುಹುರಿಯ ಮಣಿಗಳ ನಡುವಿನ ಮೆತ್ತೆ ಉಬ್ಬಿ ನರವನ್ನು ಒತ್ತುವುದು ಈ ನೋವಿಗೆ ಸಾಮಾನ್ಯ ಕಾರಣವೆಂದು 1934ರಲ್ಲಿ ಮಿಕ್ಸ್ಟರ್ ಮತ್ತು ಬಾರ್ ಎಂಬ ಅಮೆರಿಕದ ವೈದ್ಯರು ತೋರಿಸಿದರು. ಹೆಚ್ಚಿನವರಿಗೆ ಇದು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಆದ್ದರಿಂದ ಆ ವಾರಗಳಲ್ಲಿ ಏನು ತಿಂದರೂ ಅದೇ ಮದ್ದೆಂದು ತೋರುತ್ತದೆ. ಕಾಲು ಬಲಗುಂದಿದರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ ಮಾತ್ರ ಅಂದೇ ಆಸ್ಪತ್ರೆಗೆ ಹೋಗಬೇಕು.

ಕೀಲುನೋವೆಲ್ಲ ಒಂದೇ ಅಲ್ಲವೆಂಬುದು ಹಕೀಮರಿಗೆ ಅರ್ಧ ತಿಳಿದಿತ್ತು. ಸವೆತದಿಂದ ಬರುವ ಮಂಡಿನೋವು, ದೇಹದ ರಕ್ಷಣಾವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುವ ಆಮವಾತ, ಯೂರಿಕ್ ಆಮ್ಲದ ಹರಳುಗಳಿಂದ ಬರುವ ಗೌಟ್ ಇವುಗಳ ಚಿಕಿತ್ಸೆಗಳು ಬೇರೆ ಬೇರೆ. 1948ರಲ್ಲಿ ಅಮೆರಿಕದ ಫಿಲಿಪ್ ಹೆಂಚ್ ಆಮವಾತದ ರೋಗಿಯೊಬ್ಬಳಿಗೆ ಕಾರ್ಟಿಸೋನ್ ಕೊಟ್ಟಾಗ, ಹಾಸಿಗೆ ಹಿಡಿದಿದ್ದವಳು ಕೆಲವೇ ದಿನಗಳಲ್ಲಿ ನಡೆದಾಡಿದಳು. ಹೆಂಚ್‌ಗೆ 1950ರಲ್ಲಿ ನೊಬೆಲ್ ಬಂತು. ದೀರ್ಘಕಾಲದ ಸೇವನೆಯಿಂದ ಮೂಳೆ ಟೊಳ್ಳಾಗುವುದು, ಸಕ್ಕರೆ ಏರುವುದು ಅನಂತರ ಕಂಡಿತು. ‘ತಿಬ್ಬೆ ನಬವಿ’ಯ ಹೆಸರು ಹಚ್ಚಿ ಚೀಲದಲ್ಲಿ ಮಾರುವ, ತಯಾರಕರ ವಿಳಾಸವಿಲ್ಲದ ಪುಡಿಯೊಂದು ಎರಡೇ ದಿನಗಳಲ್ಲಿ ಮಂಡಿನೋವನ್ನು ಮಾಯ ಮಾಡಿದರೆ ನಾವು ಸಂತೋಷಪಡುವ ಮೊದಲು ಸಂಶಯಪಡಬೇಕು. ಇಂತಹ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪ್ರಯೋಗಾಲಯಗಳಲ್ಲಿ ಅನೇಕ ಬಾರಿ ಪತ್ತೆಯಾಗಿದೆ. ಪ್ರವಾದಿ(ಸ)ರ ಹೆಸರಿನಲ್ಲಿ ನಡೆಯುವ ಈ ಮೋಸಕ್ಕೂ ಯುನಾನಿ ವೈದ್ಯಶಾಸ್ತ್ರಕ್ಕೂ ಸಂಬಂಧವಿಲ್ಲ. ಬೆಂಗಳೂರಿನಲ್ಲಿಯೇ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಿದೆ. ಯುನಾನಿ ಚಿಕಿತ್ಸೆ ಬೇಕೆನ್ನುವವರು ಕಲಿತ ಹಕೀಮರನ್ನು ಅಲ್ಲಿ ಕಾಣಬಹುದು.

ಹಕೀಮರ ಬೊಕ್ಕಸದಲ್ಲಿ ಇಂದಿಗೂ ಬೆಲೆ ಕಳೆದುಕೊಳ್ಳದ ಒಂದು ನಾಣ್ಯವಿದೆ. ಅದು ಸೂರಂಜಾನ್. ಆರನೆಯ ಶತಮಾನದ ಟ್ರಾಲಿಸ್‌ನ ಅಲೆಕ್ಸಾಂಡರ್ ಇದನ್ನು ಗೌಟಿಗೆ ಬಳಸಿದನು. ಅರಬಿ ಹಕೀಮರು ಅದನ್ನು ಮುಂದುವರಿಸಿ ಹಬ್ಬೆ ಸೂರಂಜಾನ್, ಮಅಜೂನ್ ಸೂರಂಜಾನ್‌ನಂತಹ ಮದ್ದುಗಳನ್ನು ಮಾಡಿದರು. ಸಿಹಿ ಸೂರಂಜಾನನ್ನು ಹೊಟ್ಟೆಗೆ, ವಿಷ ಹೆಚ್ಚಿರುವ ಕಹಿಯನ್ನು ಹೊರಲೇಪಕ್ಕೆ ಎಂದು ವಿಂಗಡಿಸಿದರು. ಜಠರಕ್ಕೆ ಅದರ ಕೆಡುಕು ತಗ್ಗಲೆಂದು ಶುಂಠಿಯಂತಹವನ್ನು ಬೆರೆಸಿದರು. ಈ ಕುಲದ ಸಸ್ಯದಿಂದ ಫ್ರಾನ್ಸಿನ ಪೆಲ್ಟಿಯೆ ಮತ್ತು ಕಾವಂಟು 1820ರಲ್ಲಿ ಬೇರ್ಪಡಿಸಿದ ಸಾರವೇ ಇಂದಿನ ಕೊಲ್ಚಿಸಿನ್. ಗೌಟಿನ ಕೀಲುರಸದಲ್ಲಿ ಯೂರೇಟ್ ಹರಳುಗಳನ್ನು 1961ರಲ್ಲಿ ಮೆಕಾರ್ಟಿ ಮತ್ತು ಹಾಲಂಡರ್ ಗುರುತಿಸಿದ ಮೇಲೆಯೇ ರೋಗದ ಗುಟ್ಟು ಪೂರ್ತಿ ಬಯಲಾಯಿತು. ಮದ್ದು ಮಾತ್ರ ಸಾವಿರದ ಮುನ್ನೂರು ವರ್ಷಗಳಿಗೂ ಮೊದಲೇ ಕೈಯಲ್ಲಿತ್ತು. 2010ರ ಒಂದು ಅಧ್ಯಯನದಲ್ಲಿ 1.8 ಮಿಲಿಗ್ರಾಂನ ಕಿರು ಪ್ರಮಾಣ 4.8 ಮಿಲಿಗ್ರಾಂನಷ್ಟೇ ಕೆಲಸ ಮಾಡಿತು, ಭೇದಿಯ ಕಾಟ ಮಾತ್ರ ಬಹಳ ಕಡಿಮೆಯಾಯಿತು. ಮದ್ದಿಗೂ ವಿಷಕ್ಕೂ ನಡುವಿನ ಅಂತರ ಇಲ್ಲಿ ಕಿರಿದು. ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ ಅದು ಇನ್ನೂ ಕಿರಿದಾಗುತ್ತದೆ. ಮನೆಯಲ್ಲಿ ಅಬ್ಬಾ, ಅಜ್ಜಂದಿರು ಆಸ್ಪತ್ರೆಯಿಂದ ತಂದ ಕೊಲ್ಚಿಸಿನ್ ಮಾತ್ರೆಯ ಜೊತೆಗೆ ಹಕೀಮರ ಮಅಜೂನ್ ಸೂರಂಜಾನನ್ನೂ ತಿನ್ನುತ್ತಿದ್ದರೆ ಅವರು ಒಂದೇ ಬಗೆಯ ಮದ್ದನ್ನು ಎರಡು ಸಲ ಸೇವಿಸುತ್ತಿದ್ದಾರೆಂದಾಗುತ್ತದೆ. ಇದನ್ನು ಡಾಕ್ಟರಿಗೂ ತಿಳಿಸಬೇಕು, ಹಕೀಮರಿಗೂ ತಿಳಿಸಬೇಕು.